ಹಡಗು ಹೊರಡಬೇಕಾದರೆ ಲಾನಕ್ಕ ಮುಟ್ಟಬೇಕು

ಬೆಳಗಿನ ಐದೂವರೆ. ಹಾಂಗ್‌ಕಾಂಗಿನ ಪಡುವಣ ಕಟ್ಟೆಯಲ್ಲಿ ಬಂದರು ಆರೋಗ್ಯ ಕಚೇರಿಯ ಲಾಂಚು ಹೊಗೆ ಬಿಡುತ್ತಾ ನಿಂತಿದೆ. ಮಾರ್ಚ್ ತಿಂಗಳ ಮಂಜು ನೀರಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದೆ. ಎದುರು ದಡದ ಗುಡ್ಡಗಳಿರಲಿ, ಹತ್ತು ಮಾರು ಆಚೆಯ ದೋಣಿಗಳೂ ಕಾಣುತ್ತಿಲ್ಲ. ಅವುಗಳಲ್ಲಿ ಯಾರೋ ಉಪ್ಪು ಮೀನು ಹುರಿಯುತ್ತಿರುವ ವಾಸನೆ ಮಾತ್ರ ತೇಲಿ ಬರುತ್ತಿದೆ. ಲಾಂಚಿನ ಹಿಂಬದಿಯ ಹಲಗೆಯ ಮೇಲೆ ಒಬ್ಬ ಹೆಂಗಸು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಲ್ಲಾಡದೆ ಕೂತಿದ್ದಾರೆ. ಬಿಳಿ ಅಂಗಿ, ಕಪ್ಪು ಷರಾಯಿ, ಎಣ್ಣೆ ಹಚ್ಚಿ ಬಿಗಿದ ತುರುಬು. ಪಕ್ಕದಲ್ಲಿ ಮಡಿಸಿಟ್ಟ ಒಂದು ಬಿಳಿ ಬಟ್ಟೆ, ಒಂದು ಸಣ್ಣ ಬೆತ್ತದ ಪೆಟ್ಟಿಗೆ.

"ಚಳಿನಾ ಅಕ್ಕ?" ಎಂದು ಕೇಳುತ್ತೇನೆ.

"ಚಳಿ ಅಲ್ಲಪ್ಪ. ಕೈ ಹದ ಮಾಡ್ಕೋತಾ ಇದೀನಿ. ಕೈ ತಣ್ಣಗಿದ್ರೆ ಮುಟ್ಟಿದೋರಿಗೆಲ್ಲಾ ಜ್ವರ ಇದೆ ಅನ್ಸುತ್ತೆ. ಬಿಸಿ ಇದ್ರೆ ಯಾರಿಗೂ ಇಲ್ಲ ಅನ್ಸುತ್ತೆ. ಕೈ ನನ್ನ ಮೈಯಷ್ಟೇ ಇರ್ಬೇಕು, ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಲಾಂಚು ನಡೆಸುವ ಫುಕ್ ಚುಕ್ಕಾಣಿಯ ಬಳಿಯಿಂದಲೇ ಬಾಯಿ ಹಾಕುತ್ತಾನೆ. "ಅವಳನ್ನ ಮಾತಾಡಿಸ್ಬೇಡಿ ಪತ್ರಿಕೆಯೋರೆ, ಕಾವಿಗೆ ಕೂತಿದಾಳೆ. ಇನ್ನರ್ಧ ಗಂಟೆಗೆ ಮರಿ ಹೊರಗೆ ಬರುತ್ತೆ."

"ಮುಂದೆ ನೋಡ್ಕೊಂಡು ನಡೆಸು ಫುಕ್. ಹೋದ ವಾರ ತೇಲೋ ಪೀಪಾಯಿಗೆ ಗುದ್ದಿದೋನು ನೀನು."

"ಅದೇ ಬಂದು ನನಗೆ ಗುದ್ದಿದ್ದು!"

ಈ ಹೆಂಗಸಿನ ಹೆಸರು ಯಿಮ್ ಲಾನ್‌ಕ್ವಾಯ್. ವಯಸ್ಸು ನಲವತ್ತೇಳು. ಬಂದರಿನಲ್ಲಿ ಎಲ್ಲರಿಗೂ ಲಾನಕ್ಕ. ಸಿಂಗಪುರಕ್ಕೆ, ಪೆನಾಂಗಿಗೆ, ಇನ್ನೂ ದಕ್ಷಿಣದ ದ್ವೀಪಗಳಿಗೆ ದುಡಿಯಲು ಹೊರಟವರ ಹಡಗು ಈ ಬಂದರು ಬಿಡಬೇಕಾದರೆ, ಅದರಲ್ಲಿರುವ ಪ್ರತಿಯೊಬ್ಬರ ಮೈಯನ್ನೂ ಆರೋಗ್ಯ ಕಚೇರಿಯವರು ನೋಡಿ ಸರಿ ಎನ್ನಬೇಕು. ಗಂಡಸರನ್ನು ಡಾಕ್ಟರು ನೋಡುತ್ತಾರೆ. ಹೆಂಗಸರನ್ನು ಮೊದಲು ಲಾನಕ್ಕ ನೋಡುತ್ತಾರೆ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದಾರೆ. ಡಾಕ್ಟರರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಹಡಗಿನ ಕಪ್ತಾನನ ಹೆಸರೂ ಬರುತ್ತದೆ. ಲಾನಕ್ಕನ ಹೆಸರು ಅಚ್ಚಾಗುತ್ತಿರುವುದು ಇದೇ ಮೊದಲು. "ಹೆಸರು ಸರಿಯಾಗಿ ಬರ್ದಿದಾರಾ ಅಂತ ನೋಡೋಕೂ ನನಗೆ ಓದೋಕೆ ಬರಲ್ಲ, ನಿಮ್ಮನ್ನೇ ನಂಬಬೇಕು" ಎಂದು ನಗುತ್ತಾರೆ.

ಮಂಜಿನೊಳಗಿಂದ ಹಡಗಿನ ಕರಿ ಗೋಡೆ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ಏಣಿ ಹತ್ತಿ ಮೇಲೆ ಹೋದರೆ ಜನವೋ ಜನ. ಇವತ್ತಿನ ಪಟ್ಟಿಯಲ್ಲಿ ಎಂಟುನೂರ ಹನ್ನೆರಡು ಗಂಡಸರು, ನೂರ ಎಪ್ಪತ್ತಮೂರು ಹೆಂಗಸರು, ಮೇಲೊಂದಿಷ್ಟು ಮಕ್ಕಳು. ಸಂಜೆ ಕಡಲಿನ ಇಳಿತಕ್ಕೆ ಹಡಗು ಹೊರಡಬೇಕು. ಮುಂಭಾಗದಲ್ಲಿ ಡಾಕ್ಟರ್ ಸೀಟೋ ಗಂಡಸರ ಸಾಲು ಹಿಡಿದುಕೊಳ್ಳುತ್ತಾರೆ. ಹಿಂಭಾಗದಲ್ಲಿ ಲಾನಕ್ಕ ಭಾರ ಎತ್ತುವ ಕಂಬಕ್ಕೂ ಕಟಾಂಜನಕ್ಕೂ ತನ್ನ ಬಿಳಿ ಬಟ್ಟೆಯನ್ನು ಬಿಗಿದು ಪರದೆ ಮಾಡುತ್ತಾರೆ. ಪರದೆಯ ಈಚೆ ನಾನು, ಬೆನ್ನು ಹಾಕಿಕೊಂಡು. ನೋಡುವಂತಿಲ್ಲ, ಕೇಳಬಹುದು ಎಂಬುದು ನಮ್ಮ ಒಪ್ಪಂದ. ಕಂಡದ್ದನ್ನು ಲಾನಕ್ಕನೇ ಆಮೇಲೆ ಹೇಳಿದ್ದಾರೆ.

"ಕುತ್ತಿಗೆ ಗುಂಡಿ ಬಿಚ್ಚಮ್ಮ. ನಾಲಿಗೆ. ಆ... ಸಾಕು. ತೋಳು."

"ಅಯ್ಯಯ್ಯೋ, ಕಚಗುಳಿ ಆಗುತ್ತೆ ಬಿಡೇ!"

"ನಗು, ನಗು. ನಗೋವಾಗ ಗಂಟಿದ್ರೆ ಬೆರಳಿಗೆ ಚೆನ್ನಾಗಿ ಸಿಗುತ್ತೆ."

ಒಬ್ಬೊಬ್ಬರಿಗೆ ಹೆಚ್ಚೆಂದರೆ ಐದಾರು ಉಸಿರಿನಷ್ಟು ಹೊತ್ತು. ಕಿವಿಯ ಹಿಂದೆ ಅಂಗೈಯ ಹಿಂಬದಿ. ದವಡೆಯ ಕೆಳಗೆ ಬೆರಳು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಎಳೆದು ಒಳಗಿನ ಕೆಂಪು. ಕೂದಲಂಚು, ಮಣಿಕಟ್ಟು, ಕೊನೆಗೆ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತು. ಎಲ್ಲರ ಬಾಯಿಗೂ ಜ್ವರ ನೋಡುವ ಗಾಜಿನ ಕಡ್ಡಿ ಇಡುತ್ತಾ ಕೂತರೆ ಹೆಂಗಸರ ಸಾಲೇ ಸಂಜೆಯವರೆಗೆ ಮುಗಿಯುವುದಿಲ್ಲ. ಹಾಗಾಗಿ ಮೊದಲು ಲಾನಕ್ಕನ ಕೈ. ಕೈಗೆ ಅನುಮಾನ ಬಂದರೆ ಕಡ್ಡಿ. ಕಡ್ಡಿಗೂ ಅನುಮಾನ ಬಂದರೆ ಡಾಕ್ಟರು.

ಪೆನಾಂಗಿನಲ್ಲಿರುವ ಮಗನ ಮನೆಗೆ ಹೊರಟ ಅಜ್ಜಿಯೊಬ್ಬಳು ತೋಳು ತೋರಿಸುತ್ತಾಳೆ. ದುಂಡನೆಯ ಗುರುತು ಚೆನ್ನಾಗಿಯೇ ಇದೆ. ಲಾನಕ್ಕ ಹೆಬ್ಬೆರಳನ್ನು ಅದರ ಅಂಚಿನ ಸುತ್ತ ಒಮ್ಮೆ ಆಡಿಸುತ್ತಾರೆ.

"ಇದು ಯಾವ ದೇವರ ಮುಂದಿನ ಊದುಬತ್ತಿ ಅಜ್ಜಿ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಅಜ್ಜಿಗೆ ಅಳು ಬರುತ್ತದೆ. "ಹಡಗಿಗೆ ಕಾಯ್ತಾ ಇಳ್ಕೊಂಡಿದ್ನಲ್ಲ, ಆ ತಂಗುಮನೆಯವನೇ ಸುಟ್ಟು ಕೊಟ್ಟ ಕಣಮ್ಮ. ಸೂಜಿ ಹಾಕಿಸ್ಕೊಂಡ್ರೆ ತೋಳು ಬಿದ್ದೋಗುತ್ತೆ ಅಂದ."

"ನನಗೆ ಹತ್ತು ಸಲ ಹಾಕಿದಾರೆ. ಎಣಿಸಿ ನೋಡಿ, ಎರಡು ತೋಳೂ ಇವೆ. ಊದುಬತ್ತಿಯಲ್ಲಿ ಸುಟ್ಕೊಳೋವಾಗ ಆದ ಉರಿಯಲ್ಲಿ ಅರ್ಧಾನೂ ಇರಲ್ಲ ಇದು. ಬನ್ನಿ, ಕೂತ್ಕೊಳಿ." ಬೆತ್ತದ ಪೆಟ್ಟಿಗೆ ತೆರೆಯುವ ಸದ್ದು. ಒಂದು ನಿಮಿಷದ ಬಳಿಕ ಅಜ್ಜಿಯ ದನಿ: "ಇಷ್ಟೇನಾ?"

ತಪ್ಪಿಸಿಕೊಳ್ಳುವ ಉಪಾಯಗಳಿಗೆ ಈ ಬಂದರಿನಲ್ಲಿ ಕೊನೆಯೇ ಇಲ್ಲ. ತಪಾಸಣೆ ಆದವರ ಮಣಿಕಟ್ಟಿಗೆ ನೇರಳೆ ಶಾಯಿಯ ಮುದ್ರೆ ಒತ್ತುತ್ತಾರೆ. ಬೇಯಿಸಿ ಸಿಪ್ಪೆ ಸುಲಿದ ಬಿಸಿ ಮೊಟ್ಟೆಯನ್ನು ಒಬ್ಬರ ಮುದ್ರೆಯ ಮೇಲೆ ಉರುಳಿಸಿ, ಅದನ್ನೇ ಇನ್ನೊಬ್ಬರ ಮಣಿಕಟ್ಟಿನ ಮೇಲೆ ಉರುಳಿಸಿದರೆ ಶಾಯಿ ಅಲ್ಲೂ ಅಚ್ಚಾಗುತ್ತದೆ. ಮುದ್ರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. "ಆದ್ರೆ ಮೂಸಿದ್ರೆ ಗೊತ್ತಾಗುತ್ತಲ್ಲ" ಎನ್ನುತ್ತಾರೆ ಲಾನಕ್ಕ. ಮೈಮೇಲಿನ ಗುಳ್ಳೆಗೆ ಅಕ್ಕಿ ಹಿಟ್ಟು ಬಳಿಯುವವರಿದ್ದಾರೆ. ಕೆಂಗಣ್ಣಿಗೆ ತಣ್ಣನೆ ಚಹಾ ಬಿಟ್ಟುಕೊಂಡು ಬರುವವರಿದ್ದಾರೆ. ಅಕ್ಕನ ಬದಲು ತಂಗಿಯನ್ನು ಸಾಲಿನಲ್ಲಿ ನಿಲ್ಲಿಸಿದವರೂ ಇದ್ದಾರೆ.

ಇವತ್ತು ಮಂಜುಗಡ್ಡೆಯ ಸರದಿ. ಸೂಕ್‌ಚೆಂಗ್ ಎಂಬ ಮೂವತ್ತರ ಆಸುಪಾಸಿನ ಹೆಂಗಸು ಸಾಲಿನಲ್ಲಿ ಮುಂದೆ ಬರುತ್ತಾಳೆ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಬಲವಂತ ಮಾಡಿದಾಗ ನಾಲಿಗೆ ಚಾಚುತ್ತಾಳೆ. ನಾಲಿಗೆ ನೀಲಿಗಟ್ಟುವಷ್ಟು ತಣ್ಣಗಿದೆ. ಕಿವಿಯ ಹಿಂದೆ ಮಾತ್ರ ಕಾದ ಬಾಣಲೆ. ಲಾನಕ್ಕ ಗಾಜಿನ ಕಡ್ಡಿಯನ್ನು ಅವಳ ಕಂಕುಳಿಗೆ ಇಡುತ್ತಾರೆ. ನೂರಮೂರು ಡಿಗ್ರಿ. ಡಾಕ್ಟರ್ ಸೀಟೋ ಬಂದು ನೋಡಿ ತಲೆಯಾಡಿಸುತ್ತಾರೆ: ಇಳಿಯಬೇಕು. ಸೂಕ್‌ಚೆಂಗ್ ಜಗಳವಾಡುವುದಿಲ್ಲ, ಅಳುವುದೂ ಇಲ್ಲ. ಬಾಯಲ್ಲಿ ಉಳಿದಿದ್ದ ಮಂಜುಗಡ್ಡೆಯ ಚೂರನ್ನು ಅಂಗೈಗೆ ಉಗುಳಿ, ಅದು ಕರಗುವುದನ್ನೇ ನೋಡುತ್ತಾ ಹಗ್ಗದ ಸುರುಳಿಯ ಮೇಲೆ ಕೂತುಬಿಡುತ್ತಾಳೆ.

ಹನ್ನೊಂದೂವರೆಗೆ ಹೆಂಗಸರ ಸಾಲು ಮುಗಿಯುತ್ತದೆ. ನೂರ ಎಪ್ಪತ್ತೆರಡು ಜನ ಸರಿ. ಒಬ್ಬಳು ಇಲ್ಲ.

ಲಾನಕ್ಕ ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಅವರನ್ನು ಕೇಳಿ ಪ್ರಯೋಜನವಿಲ್ಲ. "ಹಾಗೇ ಬಂದೆ" ಎಂದು ಮುಗಿಸಿಬಿಡುತ್ತಾರೆ. ಕಟ್ಟೆಯ ಹಿಂದಿನ ಓಣಿಯಲ್ಲಿ ಗಂಜಿ ಅಂಗಡಿ ಇಟ್ಟುಕೊಂಡಿರುವ ಚೋಯ್‌ಹಾ ಅವರನ್ನು ಕೇಳಬೇಕು. ಇಬ್ಬರೂ ಆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿರುತ್ತಾರೆ. ಒಡಹುಟ್ಟಿದವರಲ್ಲ, ಆಣೆಯಿಟ್ಟು ಅಕ್ಕತಂಗಿಯರಾದವರು. ಮಧ್ಯಾಹ್ನ ಅಲ್ಲಿಗೆ ಹೋದಾಗ ಚೋಯ್‌ಹಾ ನನ್ನ ಮುಂದೆ ಹಂದಿ ಈಲಿಯ ಗಂಜಿಯ ಬಟ್ಟಲು ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

"ಬರ್ಕೊಳಿ. ಇವಳು ಹಡಗಿಂದ ಇಳಿಸಿದ ಮೊದಲ್ನೇ ಹೆಂಗಸು ನಾನು."

"ಶುರು ಮಾಡಿದ್ಲು" ಎನ್ನುತ್ತಾರೆ ಲಾನಕ್ಕ, ಬಟ್ಟಲಿನಿಂದ ತಲೆಯೆತ್ತದೆ.

ಇಬ್ಬರೂ ಷುಂತಾಕ್ ಸೀಮೆಯವರು. ಹತ್ತು ವರ್ಷ ತುಂಬುವ ಮೊದಲೇ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಸೇರಿದವರು. ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು, ತೇಲುವ ಗೂಡುಗಳಲ್ಲಿ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ತೆಗೆಯುವುದು ಕೆಲಸ. ಕೂದಲಿಗಿಂತ ಸಣ್ಣ ಎಳೆ, ಹಬೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಕಾಣಬೇಕು. ಇಪ್ಪತ್ತನೆಯ ವಯಸ್ಸಿನಲ್ಲಿ ಎಂಟು ಜನ ಗೆಳತಿಯರು ಒಂದೇ ದಿನ ಜಡೆ ಬಿಚ್ಚಿ ತುರುಬು ಕಟ್ಟಿಕೊಂಡು, ಮದುವೆಯಾಗುವುದಿಲ್ಲ, ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದು ದೇವರ ಮುಂದೆ ಆಣೆಯಿಟ್ಟರು. ಎಂಟು ವರ್ಷದ ಬಳಿಕ ಕಾರ್ಖಾನೆ ಮುಚ್ಚಿತು. ಸಿಂಗಪುರದ ಸಾಹುಕಾರರ ಮನೆಗಳಲ್ಲಿ ಅಡಿಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಷುಂತಾಕಿನ ಹೆಂಗಸರೇ ಬೇಕಂತೆ ಎಂದು ಕೇಳಿ ಎಂಟೂ ಜನ ಒಟ್ಟಿಗೆ ಹೊರಟು ಇಲ್ಲಿಗೆ ಬಂದರು.

ಆಗ ಹಡಗಿನ ಮೇಲೆ ಪರದೆ ಇರಲಿಲ್ಲ. ಬಿಳಿಯ ಡಾಕ್ಟರು, ಸುತ್ತ ಖಲಾಸಿಗಳು. ಅಂಗಿಯ ಕತ್ತುಪಟ್ಟಿ ಬಿಚ್ಚಿ ಎಂದರೆ ಯಾವ ಹೆಂಗಸೂ ಬಿಚ್ಚಲಿಲ್ಲ. ಸಾಲು ನಿಂತಲ್ಲೇ ನಿಂತಿತು. ಹೊತ್ತು ಏರಿತು. ಕೊನೆಗೆ ದುಭಾಷಿಯೊಬ್ಬ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವಳನ್ನು ಹುಡುಕಿ, "ನೀನೇ ಮುಟ್ಟಿ ನೋಡಿ ಹೇಳಮ್ಮ, ಡಾಕ್ಟರು ದೂರ ನಿಂತ್ಕೋತಾರೆ" ಎಂದ.

"ಆ ದೊಡ್ಡ ಬಾಯಿ ಇವಳದೇ" ಎನ್ನುತ್ತಾರೆ ಚೋಯ್‌ಹಾ. "ತನ್ನ ಹೊದಿಕೆ ತೆಗೆದು ನಾಲ್ಕು ಜನರ ಕೈಲಿ ನಾಲ್ಕು ಮೂಲೆ ಹಿಡಿಸಿದ್ಲು. ಒಳಗೆ ಒಬ್ಬೊಬ್ಬರನ್ನೇ ಕರ್ದು ಮುಟ್ಟಿದ್ಲು. ಎಲ್ಲಾ ಚೆನ್ನಾಗೇ ಇತ್ತು. ನನ್ನ ಸರದಿ ಬಂತು. ಕುತ್ತಿಗೆಗೆ ಕೈ ಹಾಕಿದೋಳೇ ಇಡೀ ಬಂದರಿಗೆ ಕೇಳೋ ಹಾಗೆ ಕೂಗಿದ್ಲು: ಅಯ್ಯೋ, ನಿನ್ನ ಮೈ ಸುಡ್ತಾ ಇದೆಯಲ್ಲೇ!"

"ಬಾಯಿಗೆ ಬಂತು, ಅಂದೆ. ಅಂದ್ರೆ ಇಳಿಸ್ತಾರೆ ಅಂತ ನನಗೇನು ಗೊತ್ತಿತ್ತು?"

"ಅನ್ನೋ ಮುಂಚೆ ಒಂದು ಸಲ ನನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಕಣ್ಣಲ್ಲೇ ಬೇಡಿಕೊಂಡೆ."

ಚೋಯ್‌ಹಾ ಅವರನ್ನು ಇಳಿಸಿದರು. ಒಬ್ಬಳೇ ಇಳಿಯುತ್ತಿದ್ದವಳ ಹಿಂದೆ ಲಾನಕ್ಕನೂ ಇಳಿದರು. ಉಳಿದ ಆರು ಜನ ಕಟಾಂಜನ ಹಿಡಿದು ಅಳುತ್ತಾ ಹೋದರು. ಒಂಬತ್ತನೆಯ ದಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದು: ಅಂಟುವ ಕಾಯಿಲೆ ಏನೂ ಇಲ್ಲ. ಬಿಸಿಲು, ಹಸಿವು, ಹೆದರಿಕೆ. ಆ ಹೊತ್ತಿಗೆ ದುಭಾಷಿ ಲಾನಕ್ಕನನ್ನು ಹುಡುಕಿಕೊಂಡು ಬಂದಿದ್ದ; ಮುಂದಿನ ಹಡಗಿನ ಹೆಂಗಸರೂ ಗುಂಡಿ ಬಿಚ್ಚುತ್ತಿಲ್ಲವಂತೆ. ಚೋಯ್‌ಹಾಗೆ ಕೈಲಾಗುವವರೆಗೆ ಎಂದು ಒಪ್ಪಿಕೊಂಡ ಕೆಲಸ ಇಂದಿಗೂ ಮುಗಿದಿಲ್ಲ. ಸಿಂಗಪುರದ ಕೋಣೆಯಲ್ಲಿ ಆ ಆರು ಜನ ಎರಡು ಚಾಪೆ ಹೆಚ್ಚಿಗೆ ಹಾಸಿಟ್ಟು ಮೂರು ವರ್ಷ ಕಾದರಂತೆ.

"ಎಷ್ಟು ದಿನ ಮಾತು ಬಿಟ್ಟಿದ್ರಿ?" ಎಂದು ಚೋಯ್‌ಹಾ ಅವರನ್ನು ಕೇಳುತ್ತೇನೆ.

"ಒಂದು ಚಳಿಗಾಲ ಪೂರ್ತಿ. ಆಮೇಲೆ ಬೇಜಾರಾಯ್ತು. ಬಯ್ಯೋಕಾದ್ರೂ ಮಾತಾಡ್ಬೇಕಲ್ಲ."

ಕಳೆದ ವರ್ಷ ಲಾನಕ್ಕನ ಕೈ ಮುಟ್ಟಿದ ಹೆಂಗಸರು ಹನ್ನೊಂದು ಸಾವಿರದ ನಾಲ್ಕುನೂರು ಚಿಲ್ಲರೆ. ಇಳಿಸಿದ್ದು ಇನ್ನೂರ ಮೂವತ್ತೆಂಟು ಜನರನ್ನು. ಅವರಲ್ಲಿ ನೂರ ತೊಂಬತ್ತೊಂದು ಜನರಿಗೆ ನಿಜವಾಗಿ ಕಾಯಿಲೆಯಿತ್ತು ಎಂದು ಆಸ್ಪತ್ರೆ ಹೇಳಿತು. ಈ ಲೆಕ್ಕ ಕಚೇರಿಯ ಪುಸ್ತಕದಲ್ಲಿದೆ. ಆದರೆ ನಾನು ಕೇಳುವ ಮೊದಲೇ ಲಾನಕ್ಕ ಬಾಯಲ್ಲೇ ಹೇಳಿಬಿಟ್ಟರು. ಪ್ರತಿ ತಿಂಗಳೂ ಡಾಕ್ಟರ್ ಸೀಟೋ ಅವರನ್ನು ಕೇಳಿ ತಿಳಿದುಕೊಳ್ಳುತ್ತಾರಂತೆ. ಲಾನಕ್ಕನಿಗೆ ಬೇಕಾಗಿರುವುದು ನೂರ ತೊಂಬತ್ತೊಂದಲ್ಲ. "ಉಳಿದ ನಲವತ್ತೇಳು ಜನ ಏನೂ ಇಲ್ದೆ ಇಳಿದ್ರಲ್ಲ, ಅವರು" ಎನ್ನುತ್ತಾರೆ. ಆ ನಲವತ್ತೇಳರ ಪೈಕಿ ಹೆಚ್ಚಿನವರು ಮುಂದಿನ ಹಡಗು ಹತ್ತುತ್ತಾರೆ. ಕೆಲವರು ಊರಿಗೆ ವಾಪಸು ಹೋಗುತ್ತಾರೆ. ಕೆಲವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯುವುದಿಲ್ಲ.

ಮೂರು ವರ್ಷದ ಹಿಂದಿನ ಚಳಿಗಾಲದ ಒಂದು ಬೆಳಗ್ಗೆಯ ಸಂಗತಿಯನ್ನು ಬಂದರಿನ ಹಳಬರು ಈಗಲೂ ಆಡಿಕೊಳ್ಳುತ್ತಾರೆ. ಲಾನಕ್ಕ ಅದನ್ನು ಹೇಳಲು ಒಪ್ಪಿದ್ದು ನಾನು ಅವರ ಬೆನ್ನು ಹತ್ತಿದ ಮೂರನೆಯ ದಿನ, ಅದೂ ಡಾಕ್ಟರ್ ಸೀಟೋ ಪಕ್ಕದಲ್ಲಿದ್ದಾಗ.

ಅಂದೂ ಸಿಂಗಪುರದ ಹಡಗು. ಒಂಬೈನೂರು ಜನ. ವಾನ್‌ಕಿಯು ಎಂಬ ಹೆಂಗಸು ನಾಲ್ಕು ವರ್ಷದ ಮಗಳು ಮಿಯುವನ್ನು ಎತ್ತಿಕೊಂಡು ಪರದೆಯೊಳಗೆ ಬಂದಳು. ಗಂಡ ಇಪೋ ಊರಿನ ತವರದ ಗಣಿಯಲ್ಲಿ. ಅವನು ಹೋದಾಗ ಮಗು ಹೊಟ್ಟೆಯಲ್ಲಿತ್ತು. ಅವನಿನ್ನೂ ಮಗಳ ಮುಖ ನೋಡಿರಲಿಲ್ಲ. ಮಗುವಿನ ಮೈ ಸ್ವಲ್ಪ ಬೆಚ್ಚಗಿತ್ತು. ಕೂದಲಂಚಿನಲ್ಲಿ ಐದಾರು ಗುಳ್ಳೆ. ಲಾನಕ್ಕ ಡಾಕ್ಟರನ್ನು ಕರೆದರು.

"ನಾನು ನೋಡಿ ಸೀತಾಳೆ ಸಿಡುಬು ಅಂದೆ" ಎನ್ನುತ್ತಾರೆ ಡಾಕ್ಟರ್ ಸೀಟೋ. "ಆ ತಿಂಗಳು ಊರಲ್ಲೆಲ್ಲಾ ಅದೇ ಇತ್ತು. ತಾಯಿ ಮಗು ಇಬ್ಬರನ್ನೇ ಇಳಿಸಿದ್ರೆ ಸಾಕು, ಹಡಗು ಹೋಗಬಹುದು ಅಂತ ಬರೆಯೋಕೆ ಹೊರಟಿದ್ದೆ. ಕಪ್ತಾನ ಪಕ್ಕದಲ್ಲೇ ಗಡಿಯಾರ ಹಿಡ್ಕೊಂಡು ನಿಂತಿದ್ದ."

"ನಾನು, ಇಲ್ಲ ಡಾಕ್ಟ್ರೇ, ಇದು ದೊಡ್ಡ ಸಿಡುಬು ಅಂದೆ."

"ನನಗೆ ಸಿಟ್ಟು ಬಂತು. ಆರು ವರ್ಷ ಓದಿ ಬಂದೋನು ನಾನು. ಹೇಗೆ ಹೇಳ್ತೀರಿ ಅಂತ ಜೋರಾಗೇ ಕೇಳ್ದೆ."

"ನೀರಿನ ಗುಳ್ಳೆ ಆದ್ರೆ ಬೆರಳಿಟ್ರೆ ಮೆತ್ತಗೆ ಕೂರುತ್ತೆ. ಇದು ಚರ್ಮದಡಿ ಅಕ್ಕಿ ಕಾಳು ಇಟ್ಟು ಹೊಲ್ದ ಹಾಗಿತ್ತು. ಹಾಗಂತ ಹೇಳ್ದೆ. ಪಾದ ನೋಡಿ ಅಂದೆ."

ಡಾಕ್ಟರ್ ಸೀಟೋ ಮಗುವಿನ ಹತ್ತಿಯ ಜೋಡು ಬಿಚ್ಚಿದರು. ಎಡ ಅಂಗಾಲಿನಲ್ಲಿ ಎರಡು, ಬಲದಲ್ಲಿ ಒಂದು. ಸೀತಾಳೆ ಸಿಡುಬು ಸಾಮಾನ್ಯವಾಗಿ ಅಂಗಾಲಿಗೆ ಇಳಿಯುವುದಿಲ್ಲ. ಅವರು ಬೆರಳಿಟ್ಟು ಒತ್ತಿ ನೋಡಿದರು. ಮತ್ತೆ ಒತ್ತಿದರು. ಬರೆಯುತ್ತಿದ್ದ ಕಾಗದವನ್ನು ಹರಿದು ಜೇಬಿಗೆ ಹಾಕಿಕೊಂಡರು. ಹದಿನೈದು ನಿಮಿಷದಲ್ಲಿ ಹಡಗಿನ ಕಂಬಕ್ಕೆ, ಒಳಗೆ ಅಂಟುರೋಗವಿದೆ ಎಂದು ಸಾರುವ ಹಳದಿ ಬಾವುಟ ಏರಿತು.

ಕಪ್ತಾನ ಕೂಗಾಡಿದ. ವಾನ್‌ಕಿಯು ಇಳಿದುಕೊಂಡಿದ್ದ ತಂಗುಮನೆಯ ದಳ್ಳಾಳಿ ಲಾನಕ್ಕನ ಮುಖದ ಹತ್ತಿರ ಮುಖ ತಂದು, "ಓದು ಬರಹ ಇಲ್ಲದ ಆಳು ನೀನು, ನಾಳೆಯಿಂದ ಕಟ್ಟೆ ಮೇಲೆ ಹೇಗೆ ಓಡಾಡ್ತೀಯೋ ನೋಡ್ತೀನಿ" ಎಂದ. ಅದೇ ತಂಗುಮನೆಯ ಅಟ್ಟದ ಮೇಲೆ ಹೊದಿಕೆ ಹೊದಿಸಿ ಮಲಗಿಸಿದ್ದ ಇನ್ನಿಬ್ಬರು ಸಿಡುಬಿನ ರೋಗಿಗಳು ಮಧ್ಯಾಹ್ನವೇ ಸಿಕ್ಕಿದರು. ಹಡಗನ್ನು ದೂರದ ಲಂಗರಿಗೆ ಒಯ್ದು, ಒಂಬೈನೂರು ಜನರಿಗೂ ಮತ್ತೆ ಲಸಿಕೆ ಹಾಕಿ, ಎರಡು ವಾರ ನಿಲ್ಲಿಸಿದರು. ಆ ಎರಡು ವಾರದಲ್ಲಿ ಏಳು ಜನ ಮಲಗಿದರು. ಏಳೂ ಜನ ಎದ್ದರು. ತೆರೆದ ಕಡಲಿನಲ್ಲಿ, ಒಬ್ಬರ ಮೈಗೊಬ್ಬರು ಒತ್ತಿಕೊಂಡು ಮಲಗುವ ಆ ಕೆಳ ಅಂತಸ್ತಿನಲ್ಲಿ ಅದು ಶುರುವಾಗಿದ್ದರೆ ಎಷ್ಟಾಗುತ್ತಿತ್ತೆಂದು ಡಾಕ್ಟರ್ ಸೀಟೋ ಊಹಿಸಲು ಒಪ್ಪುವುದಿಲ್ಲ.

ಲಾನಕ್ಕನಿಗೆ ನೆನಪಿರುವುದು ಬೇರೆ. ಹಡಗಿನ ಮೇಲೆ ವಾನ್‌ಕಿಯು ಮೊದಲು ಅವರ ಕಾಲು ಹಿಡಿದಳು. ಆಮೇಲೆ ಎದ್ದು ಮುಖಕ್ಕೆ ಉಗಿದಳು. "ನಿನಗೊಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು!" ಎಂದಳು.

"ಒರೆಸ್ಕೊಂಡೆ. ಮುಂದಿನೋಳನ್ನ ಕರ್ದೆ. ಇನ್ನೂ ಅರವತ್ತು ಜನ ಇದ್ರು" ಎಂದು ಲಾನಕ್ಕ ಹೇಳುವಾಗ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ತಾಯಿ ಮಗಳು ಏಳು ವಾರ ಪ್ರತ್ಯೇಕ ಆಸ್ಪತ್ರೆಯಲ್ಲಿದ್ದರು. ಪ್ರತಿ ಭಾನುವಾರ ಲಾನಕ್ಕ ಹೋಗಿ ಬೇಲಿಯ ಹೊರಗೆ ನಿಲ್ಲುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ. ಸಕ್ಕರೆ ಹಾಕಿದ ಶುಂಠಿ, ಕಿತ್ತಳೆ, ಏನಾದರೊಂದನ್ನು ಕಾವಲಿನವನ ಕೈಯಲ್ಲಿ ಕಳಿಸುತ್ತಿದ್ದರು. ಮೊದಲ ಮೂರು ವಾರ ಕಳಿಸಿದ್ದೆಲ್ಲ ಹಾಗೆಯೇ ವಾಪಸು ಬಂತು. ನಾಲ್ಕನೆಯ ವಾರ ಕಿತ್ತಳೆ ವಾಪಸು ಬರಲಿಲ್ಲ. ಮಿಯು ಬದುಕಿದಳು. ಮುಖದ ತುಂಬ ಕಲೆ ಉಳಿಯಿತು, ಎಡಗಣ್ಣಿಗೆ ಹೂ ಬಿತ್ತು.

ವಸಂತದಲ್ಲಿ ಅವರಿಬ್ಬರೂ ಮತ್ತೆ ಹಡಗು ಹತ್ತಿದರು. ಮತ್ತೆ ಅದೇ ಪರದೆ. ಅದೇ ಕೈ.

"ಅವಳೇ ಮಗಳ ಅಂಗಿತೋಳು ಮಡಿಸಿ ಕೈ ಮುಂದೆ ಹಿಡಿದ್ಲು. ನನ್ನ ಮುಖ ನೋಡ್ಲಿಲ್ಲ. ಚೆನ್ನಾಗಿ ನೋಡು ಅಂದ್ಲು. ಇಳಿಸೋ ಹಾಗಿದ್ರೆ ಈಗ್ಲೇ ಇಳಿಸು ಅಂದ್ಲು. ನೋಡ್ದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡ್ದೆ. ಆ ಪುಟ್ಟಿ ಇದ್ದ ಒಂದು ಕಣ್ಣಲ್ಲಿ ನನ್ನನ್ನೇ ದಿಟ್ಟಿಸಿ, ಅಮ್ಮಾ, ಇವರು ಬೇಲಿ ಅಜ್ಜಿ ಅಲ್ವಾ ಅಂತು."

"ಆಗ ತಾಯಿ ಏನಂದಳು?"

"ಹೌದು ಅಂದ್ಲು."

ಅಷ್ಟೇ. ಕಾಗದ ಬಂದಿದೆಯೇ ಎಂದು ಕೇಳಿದರೆ ಲಾನಕ್ಕನಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. "ಯಾಕೆ ಬರ್ಬೇಕು? ಗಂಡನ ಹತ್ರ ಹೋದ್ಲು, ಸಂಸಾರ ಮಾಡ್ಕೊಂಡಿರ್ತಾಳೆ. ನನ್ನ ನೆನಪು ಬಂದ್ರೆ ಅವಳಿಗೆ ಆ ಹಡಗೇ ನೆನಪಾಗುತ್ತೆ. ಬರ್ದೆ ಇರೋದೇ ಒಳ್ಳೇದು."

ಆ ಘಟನೆಯ ಬಳಿಕ ಕಚೇರಿಯಲ್ಲಿ ಒಂದು ಬದಲಾವಣೆಯಾಯಿತು. ಲಾನಕ್ಕ ಡಾಕ್ಟರನ್ನು ಕರೆದರೆ ಡಾಕ್ಟರ್ ಸೀಟೋ ಈಗ ಮೊದಲು, "ನಿಮಗೇನು ಅನ್ಸುತ್ತೆ?" ಎಂದು ಕೇಳುತ್ತಾರೆ. ಕೇಳಿದ ಮೇಲೆಯೇ ತಾವು ನೋಡುತ್ತಾರೆ. "ಕೆಲವು ಸಲ ಅವರದೂ ತಪ್ಪಾಗುತ್ತೆ, ನಂದೂ ತಪ್ಪಾಗುತ್ತೆ" ಎಂದು ಡಾಕ್ಟರು ಹೇಳುತ್ತಾರೆ. "ಇಬ್ಬರದೂ ಒಟ್ಟಿಗೆ ತಪ್ಪಾಗೋದು ಕಮ್ಮಿ."

ಈಗ ಇನ್ನೊಂದು ಸುದ್ದಿಯಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಹೆಂಗಸರನ್ನು ನೋಡಲು ಓದಿದ ಹೆಣ್ಣು ಡಾಕ್ಟರೇ ಬರುತ್ತಾರಂತೆ. ಮೊದಲ ದಿನದ ಸಂಜೆಯೇ ಗಂಜಿ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಎತ್ತಿದಾಗ ಚೋಯ್‌ಹಾ ಅವರ ಮುಖ ಬಿಗಿಯುತ್ತದೆ. "ಹತ್ತೊಂಬತ್ತು ವರ್ಷ ದುಡಿಸ್ಕೊಂಡು ಈಗ ಬೇಡ ಅಂತಾರೆ ನೋಡಿ."

"ಬೇಡ ಅಂತ ಯಾರಂದ್ರು? ಬರ್ಲಿ ಬಿಡೇ. ಹೆಣ್ಣು ಡಾಕ್ಟರು ಬೇಕು ಅಂತ ನಾನೇ ಎಷ್ಟು ಸಲ ಕೇಳಿದೀನಿ. ಪರದೆ ಕಟ್ಟೋಕೆ ನಾನಿರ್ತೀನಿ."

"ಪರದೆ ಕಟ್ಟೋಕೆ ಫುಕ್ ಸಾಕು."

"ಫುಕ್ ಕಟ್ಟಿದ್ರೆ ಗಾಳಿಗೆ ಪರದೆ ಜೊತೆ ಫುಕ್ಕೂ ಹಾರಿ ಹೋಗ್ತಾನೆ."

ಚೋಯ್‌ಹಾ ನಗುತ್ತಾರೆ, ಆದರೆ ಮುಖ ತಿರುಗಿಸಿಕೊಂಡು ಒಲೆಯ ಕಡೆ ಹೋಗುತ್ತಾರೆ. ಹೊರಗೆ ಹಡಗಿನ ಕೂಗು ಕೇಳಿಸುತ್ತದೆ, ಇಳಿತಕ್ಕೆ ಹೊರಟದ್ದು. ಬೆಳಗ್ಗೆ ನೋಡಿದ ನೂರ ಎಪ್ಪತ್ತೆರಡು ಜನ ಅದರಲ್ಲಿದ್ದಾರೆ. ಲಾನಕ್ಕ ತಲೆಯೆತ್ತಿ ಅತ್ತ ನೋಡುವುದಿಲ್ಲ. ಬಟ್ಟಲಿನ ತಳದಲ್ಲಿ ಉಳಿದ ಗಂಜಿಯನ್ನು ಚಮಚದಿಂದ ಬಳಿಯುತ್ತಿದ್ದಾರೆ.

ಹೊಸ ಡಾಕ್ಟರಿಗೆ ಏನಾದರೂ ಹೇಳಿಕೊಡಬೇಕೆಂದಿದ್ದೀರಾ ಎಂದು ಕೇಳುತ್ತೇನೆ. ಯೋಚಿಸುತ್ತಾರೆ. ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ.

"ಕಣ್ಣು, ನಾಲಿಗೆ, ಗಂಟು, ಗುಳ್ಳೆ, ಎಲ್ಲಾ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಪುಸ್ತಕದಲ್ಲಿ ಇರುತ್ತೆ. ಮೊದಲ್ನೇ ದಿನ ಪಕ್ಕದಲ್ಲಿ ನಿಂತು ಒಂದೇ ಒಂದು ಮಾತು ಹೇಳ್ಬೇಕು ಅಂತ ಆಸೆ. ಯಾರನ್ನಾದ್ರೂ ಇಳಿಸಿದ್ರೆ, ಅವಳ ಬಟ್ಟೆ ಗಂಟನ್ನ ಅವಳ ಕೈಲಿ ಹೊರಿಸ್ಬೇಡಿ. ನೀವೇ ಹೊತ್ಕೊಳಿ, ಇಲ್ಲಾ ನನಗೆ ಕೊಡಿ. ಏಣಿ ಇಳಿಯೋವಾಗ ಹಡಗಿನ ಜನ ಎಲ್ಲಾ ಮೇಲಿಂದ ನೋಡ್ತಿರ್ತಾರೆ. ಎರಡು ಕೈಯೂ ಖಾಲಿ ಇದ್ರೆ ಪಾಪ, ಮುಖನಾದ್ರೂ ಮುಚ್ಕೋಬಹುದು."